ಮುಂಬೈ ಹೋಟೆಲಿನ ಮೊದಲ ರಾತ್ರಿ: ನಿದ್ದೆ ಬಾರದವರಿಗೆ ಒಂದು ಉತ್ತರ

ಪ್ರಶ್ನೆ: ನಾನು ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಪ್ರತಿ ತಿಂಗಳು ನಾಲ್ಕು ದಿನ ಮುಂಬೈಗೆ, ಅಂಧೇರಿ ಪೂರ್ವದ ಹೆಡ್ ಆಫೀಸಿಗೆ ಹೋಗಬೇಕು. ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ಆರಕ್ಕೆ ಹೋಟೆಲ್ ಮುಟ್ಟುತ್ತೇನೆ. ರೂಮ್ ಮಧ್ಯಾಹ್ನ ಎರಡಕ್ಕೆ ಅನ್ನುತ್ತಾರೆ. ಕಳೆದ ಸಲ ಲಾಬಿಯ ವಾಶ್‌ರೂಮಿನಲ್ಲಿ ಮುಖ ತೊಳೆದುಕೊಂಡು ನೇರ ಮೀಟಿಂಗಿಗೆ ಹೋದೆ. ರಾತ್ರಿ ಲಿಫ್ಟಿನ ಸದ್ದು, ನಾಳೆಯ ಲೆಕ್ಕದ ಚಿಂತೆ. ಎರಡು ಗಂಟೆಯಾದರೂ ಕಣ್ಣು ಮುಚ್ಚುವುದಿಲ್ಲ. ಮ್ಯಾನೇಜರ್ ರಾತ್ರಿ ಒಂಬತ್ತಕ್ಕೆ ತಮ್ಮ ರೂಮಿನಲ್ಲೇ ರಿವ್ಯೂ ಇಡುತ್ತಾರೆ. ಡೊಂಬಿವಲಿಯಲ್ಲಿ ನನ್ನ ಸೋದರತ್ತೆ ಇದ್ದಾರೆ. ‘ಹೋಟೆಲ್ ಯಾಕೆ, ಮನೆಗೇ ಬಾ’ ಅನ್ನುತ್ತಾರೆ. ರಿಸೆಪ್ಷನ್‌ನಲ್ಲಿ ಏನಾದರೂ ಕೇಳಲು ನನಗೆ ಸಂಕೋಚ. ಸಹೋದ್ಯೋಗಿಗಳಿಗೆ ಇಲ್ಲದ ತೊಂದರೆ ನನಗೊಬ್ಬಳಿಗೇ ಯಾಕೆ? ಏನು ಮಾಡಲಿ?

ಉತ್ತರ: ತೊಂದರೆ ನಿಮಗೊಬ್ಬರಿಗೇ ಇದೆ ಅನ್ನುವುದನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ನಾನು ಮುಂಬೈ ಹೋಟೆಲ್‌ಗಳ ಫ್ರಂಟ್ ಆಫೀಸಿನಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಕೆಲಸಕ್ಕೆಂದು ಬಂದು ಉಳಿಯುವವರಲ್ಲಿ ಮೊದಲ ರಾತ್ರಿ ಚೆನ್ನಾಗಿ ಮಲಗಿದವರು ಕಡಿಮೆ. ಬೆಳಿಗ್ಗೆ ‘ನಿದ್ದೆ ಆಯ್ತಾ’ ಎಂದು ಕೇಳಿದರೆ ಎಲ್ಲರೂ ‘ಹೂಂ’ ಅನ್ನುತ್ತಾರೆ. ಮುಖ ನೋಡಿದರೆ ಗೊತ್ತಾಗುತ್ತದೆ. ನಿಮ್ಮ ಸಹೋದ್ಯೋಗಿಗಳೂ ನಿಮ್ಮ ಹತ್ತಿರ ಹೇಳಿರಲಿಕ್ಕಿಲ್ಲ, ಅಷ್ಟೇ.

ಇದಕ್ಕೆ ಕಾರಣವೂ ಗೊತ್ತಿದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಸ ಜಾಗದಲ್ಲಿ ಮಲಗಿದ ಮೊದಲ ರಾತ್ರಿ ಮಿದುಳಿನ ಎರಡು ಭಾಗಗಳೂ ಒಂದೇ ಸಮ ಗಾಢವಾಗಿ ಮಲಗುವುದಿಲ್ಲ ಎಂದು ಅದರಲ್ಲಿ ಕಂಡುಬಂತು. ಎಡಭಾಗ ಸ್ವಲ್ಪ ಎಚ್ಚರವಾಗಿಯೇ ಇರುತ್ತದೆ. ಮನೆಮಂದಿಯೆಲ್ಲ ಮಲಗಿದ ಮೇಲೂ ಒಬ್ಬರು ಬಾಗಿಲ ಹತ್ತಿರ ಕಾವಲು ಕೂತ ಹಾಗೆ. ಮಲಗಿದವರ ಕಿವಿಗೆ ಅಪರೂಪಕ್ಕೊಮ್ಮೆ ಬೇರೆ ಥರದ ಸದ್ದು ಕೇಳಿಸಿ ನೋಡಿದರು. ಮೊದಲ ರಾತ್ರಿ, ಆ ಎಚ್ಚರದ ಭಾಗಕ್ಕೆ ಮುಟ್ಟಿದ ಸದ್ದಿಗೆ ಜನ ಬೇಗ ಎದ್ದರು. ಅದೇ ಜಾಗದಲ್ಲಿ ಮತ್ತೊಮ್ಮೆ ಮಲಗಿದಾಗ ಈ ವ್ಯತ್ಯಾಸ ಕಡಿಮೆಯಾಗಿತ್ತು.

ನಿಮಗೆ ಲಿಫ್ಟಿನ ಸದ್ದು ಅಷ್ಟು ಜೋರಾಗಿ ಕೇಳಿದ್ದು ಇದಕ್ಕೇ. ಹೊಸ ಜಾಗದಲ್ಲಿ ನಿಮ್ಮ ಮೈ ನಿಮ್ಮನ್ನು ಕಾಯುತ್ತಿದೆ. ಅದರ ಜೊತೆ ಗುದ್ದಾಡಬೇಡಿ. ಜಾಗವನ್ನು ಹಳೆಯದು ಮಾಡಿಕೊಳ್ಳಿ. ಕೆಳಗೆ ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದ್ದು.

ಪ್ರತಿ ತಿಂಗಳು ಹೋಗುವವರು ನೀವು. ಹಾಗಾದರೆ ಪ್ರತಿ ತಿಂಗಳೂ ಒಂದೇ ಹೋಟೆಲ್ ಹಿಡಿಯಿರಿ. ಆ್ಯಪಿನಲ್ಲಿ ಇನ್ನೂರು ರೂಪಾಯಿ ಕಡಿಮೆ ಕಂಡಿತೆಂದು ಸಲಕ್ಕೊಂದು ಹೋಟೆಲ್ ಬದಲಿಸಿದರೆ, ಪ್ರತಿ ಸಲವೂ ನಿಮಗೆ ಮೊದಲ ರಾತ್ರಿಯೇ. ಹೋಟೆಲ್ ಒಂದೇ ಆದರೆ ಸಾಲದು. ಸಾಧ್ಯವಾದರೆ ಮಹಡಿ ಅದೇ, ಕಾರಿಡಾರ್ ಅದೇ, ರೂಮೂ ಅದೇ ಇರಲಿ. ಹೀಗೆ ಕೇಳಬಹುದು ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ.

ಸಂಕೋಚ ಅಂದಿರಿ. ಹೋಟೆಲಿನೊಳಗೆ ರೂಮ್ ಹಂಚುವ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿದರೆ ಆ ಸಂಕೋಚ ಅರ್ಧ ಇಳಿಯುತ್ತದೆ. ನೀವು ಕೌಂಟರಿಗೆ ಬಂದು ನಿಂತ ಮೇಲೆ ರೂಮ್ ಹುಡುಕುವುದಿಲ್ಲ. ನಾಳೆ ಯಾರು ಯಾರು ಬರುತ್ತಾರೆ ಎಂಬ ಪಟ್ಟಿ ಹಿಂದಿನ ದಿನವೇ ತಯಾರಿರುತ್ತದೆ. ಯಾರಿಗೆ ಯಾವ ರೂಮ್ ಎಂದು ಫ್ರಂಟ್ ಆಫೀಸಿನವರು ಮೊದಲೇ ಗುರುತು ಹಾಕಿಡುತ್ತಾರೆ. ಇದಕ್ಕೆ ರೂಮ್ ಬ್ಲಾಕ್ ಮಾಡುವುದು ಅನ್ನುತ್ತಾರೆ. ಏನೂ ಹೇಳದವರಿಗೆ ಉಳಿದ ರೂಮು ಹೋಗುತ್ತದೆ. ಯಾವ ಹೋಟೆಲಿನಲ್ಲೂ ಹಾಗೆ ಉಳಿಯುವುದು ಲಿಫ್ಟಿನ ಪಕ್ಕದ್ದು, ಪ್ಯಾಂಟ್ರಿಯ (ಮಹಡಿಯ ಸಿಬ್ಬಂದಿ ಸಾಮಾನು ಇಡುವ ಕೋಣೆಯ) ಎದುರಿನದ್ದು. ಯಾಕೆಂದರೆ ಬಾಯಿಬಿಟ್ಟು ಕೇಳಿದವರು ಅದು ಬೇಡ ಎಂದಿರುತ್ತಾರೆ.

ಆದ್ದರಿಂದ ಹಿಂದಿನ ದಿನ ಹೋಟೆಲಿಗೇ ನೇರ ಫೋನ್ ಮಾಡಿ. ಬುಕಿಂಗ್ ಆ್ಯಪಿನಲ್ಲಿ ಬರೆದ ಕೋರಿಕೆ ಕೌಂಟರಿನವರ ಕಣ್ಣಿಗೆ ಬೀಳುವುದು ಎಷ್ಟೋ ಸಲ ತಡ. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಚೆಕ್‌ಔಟ್ ಗಲಾಟೆ. ಎರಡರಿಂದ ನಾಲ್ಕು ಚೆಕ್‌ಇನ್ ಗಲಾಟೆ. ಸಂಜೆ ಏಳರ ಮೇಲೆ ಮಾಡಿದರೆ ಸಮಾಧಾನವಾಗಿ ಕೇಳಿಸಿಕೊಳ್ಳುತ್ತಾರೆ. ‘ನಾಳೆ ನನ್ನ ಹೆಸರಿನಲ್ಲಿ ಬುಕಿಂಗ್ ಇದೆ. ಕೆಲಸಕ್ಕೆ ಬರುತ್ತಿದ್ದೇನೆ, ನಿದ್ದೆ ಮುಖ್ಯ. ಲಿಫ್ಟಿನಿಂದ, ಸರ್ವಿಸ್ ಲಿಫ್ಟಿನಿಂದ ದೂರದ ರೂಮ್ ಬ್ಲಾಕ್ ಮಾಡಿ. ಕನೆಕ್ಟಿಂಗ್ ರೂಮ್ ಬೇಡ.’ ಇಷ್ಟು ಸಾಕು. ಅರ್ಧ ನಿಮಿಷದ ಮಾತು.

ಕನೆಕ್ಟಿಂಗ್ ರೂಮ್ ಅಂದರೆ ಪಕ್ಕದ ರೂಮಿಗೆ ಒಳಗಿನಿಂದಲೇ ಬಾಗಿಲಿರುವ ರೂಮ್. ದೊಡ್ಡ ಸಂಸಾರಗಳಿಗೆ ಅನುಕೂಲ. ಬಾಗಿಲಿಗೆ ಬೀಗ ಹಾಕಿದ್ದರೂ ಗೋಡೆ ತಡೆದಷ್ಟು ಸದ್ದನ್ನು ಬಾಗಿಲು ತಡೆಯುವುದಿಲ್ಲ. ಪಕ್ಕದವರ ಟೀವಿ, ಫೋನ್ ಮಾತು ಎಲ್ಲಾ ಕೇಳುತ್ತದೆ. ಬ್ಯಾಂಕ್ವೆಟ್ ಹಾಲ್ ಯಾವ ಮಹಡಿಯಲ್ಲಿದೆ ಎಂದೂ ಕೇಳಿ. ಮದುವೆ ಸೀಸನ್ನಿನಲ್ಲಿ ಅದರ ಮೇಲಿನ ಮಹಡಿ ಬೇಡವೇ ಬೇಡ. ಟೆರೇಸಿನ ರೆಸ್ಟೋರೆಂಟ್ ಇದ್ದರೆ ಅದರ ಕೆಳಗಿನದ್ದೂ ಬೇಡ. ಕುರ್ಚಿ ಎಳೆಯುವ ಸದ್ದು ತಲೆಯ ಮೇಲೇ ಬೀಳುತ್ತದೆ.

‘ರಸ್ತೆ ಕಡೆ ಬೇಡ, ಹಿಂಬದಿ ಕೊಡಿ’ ಎಂದು ಬಹಳ ಜನ ಕೇಳುತ್ತಾರೆ. ಅದು ಯಾವಾಗಲೂ ಸರಿಹೋಗುವುದಿಲ್ಲ. ಜನರೇಟರ್, ಎಸಿ ಪ್ಲಾಂಟ್, ಸಾಮಾನು ಇಳಿಸುವ ಜಾಗ ಇವೆಲ್ಲ ಇರುವುದು ಹೆಚ್ಚಾಗಿ ಹಿಂಬದಿಯಲ್ಲೇ. ಹಾಲು, ತರಕಾರಿ ಗಾಡಿಗಳು ನಸುಕಿಗೇ ಬರುತ್ತವೆ. ಹಾಗಾಗಿ ಹಿಂಬದಿ ಕೇಳುವಾಗ ‘ಪ್ಲಾಂಟ್ ಇರುವ ಕಡೆ ಬೇಡ’ ಎಂದೂ ಸೇರಿಸಿ. ಕೌಂಟರಿನವರಿಗೆ ಥಟ್ಟನೆ ಅರ್ಥವಾಗುತ್ತದೆ.

ಇನ್ನು ಎಲ್ಲಕ್ಕಿಂತ ಉಪಯೋಗದ ಮಾತು. ರೂಮ್ ಒಪ್ಪಿಗೆಯಾದರೆ ಚೆಕ್‌ಔಟ್ ಮಾಡುವಾಗ ಅದರ ನಂಬರ್ ಹೇಳಿ, ‘ನನ್ನ ಪ್ರೊಫೈಲಿನಲ್ಲಿ ಇದನ್ನು ಬರೆದಿಡಿ, ಮುಂದಿನ ತಿಂಗಳು ಮತ್ತೆ ಬರುತ್ತೇನೆ’ ಎನ್ನಿ. ಹೋಟೆಲಿನ ಕಂಪ್ಯೂಟರಿನಲ್ಲಿ ಪ್ರತಿ ಗೆಸ್ಟಿಗೂ ಒಂದು ಪ್ರೊಫೈಲ್ ಇರುತ್ತದೆ. ಯಾವ ರೂಮ್ ಇಷ್ಟ, ದಿಂಬು ಗಟ್ಟಿ ಬೇಕೋ ಮೆತ್ತಗೆ ಬೇಕೋ, ಎಷ್ಟು ಹೊತ್ತಿಗೆ ಬರುತ್ತಾರೆ, ಎಲ್ಲಾ ಅಲ್ಲಿ ಹಾಕಬಹುದು. ಮತ್ತೆ ಮತ್ತೆ ಬರುವವರನ್ನು ಯಾವ ಹೋಟೆಲೂ ಕಳೆದುಕೊಳ್ಳಲು ಬಯಸುವುದಿಲ್ಲ. ನೀವು ಕೇಳುತ್ತಿರುವುದು ಉಪಕಾರವೂ ಅಲ್ಲ. ರೂಮ್ ಕೊಡುವವರ ಕೆಲಸವೇ ಅದು.

ಬೆಳಿಗ್ಗೆ ಆರಕ್ಕೆ ರೂಮ್ ಸಿಗದ ವಿಷಯಕ್ಕೆ ಬರುತ್ತೇನೆ. ಆರು ಗಂಟೆಗೆ ನಿನ್ನೆಯ ಗೆಸ್ಟುಗಳು ಇನ್ನೂ ಒಳಗೆ ಮಲಗಿರುತ್ತಾರೆ. ಅವರು ಬಿಡುವುದು ಹನ್ನೊಂದು, ಹನ್ನೆರಡಕ್ಕೆ. ಹೌಸ್‌ಕೀಪಿಂಗ್‌ನ ಒಬ್ಬರ ಪಾಲಿಗೆ ಒಂದು ಶಿಫ್ಟಿನಲ್ಲಿ ಹನ್ನೆರಡರಿಂದ ಹದಿನಾರು ರೂಮ್ ಬರುತ್ತವೆ. ಹಾಸಿಗೆ, ಬಾತ್‌ರೂಮ್, ಕಸ ಎಲ್ಲಾ ಮುಗಿದು ಸೂಪರ್‌ವೈಸರ್ ನೋಡಿ ಸರಿ ಅಂದಮೇಲೆ ರೂಮ್ ಕೌಂಟರಿಗೆ ಸಿಗುತ್ತದೆ. ಎರಡು ಗಂಟೆ ಎಂಬ ನಿಯಮ ಬಂದದ್ದು ಹೀಗೆ. ಹಿಂದಿನ ರಾತ್ರಿ ಹೋಟೆಲ್ ತುಂಬಿದ್ದರೆ ಎಷ್ಟು ಕೇಳಿಕೊಂಡರೂ ಕೊಡಲು ರೂಮೇ ಇರುವುದಿಲ್ಲ.

ಬಸ್ಸಿನಲ್ಲೇ ಬರುವುದಾದರೆ ಎರಡು ದಾರಿ ಇವೆ. ಎರಡು ದಿನ ಮೊದಲೇ ಮೇಲ್ ಬರೆದು ಬೇಗ ಚೆಕ್‌ಇನ್ ಕೇಳುವುದು ಒಂದು. ಖಾಲಿ ಇದ್ದರೆ ಕೊಡುತ್ತಾರೆ, ಕೆಲವರು ಅರ್ಧ ದಿನದ ಬಾಡಿಗೆ ಹಾಕುತ್ತಾರೆ. ಹಿಂದಿನ ರಾತ್ರಿಯಿಂದಲೇ ರೂಮ್ ಬುಕ್ ಮಾಡುವುದು ಇನ್ನೊಂದು. ಆಗ ಒಂದು ಎಚ್ಚರ ಬೇಕು. ಹೋಟೆಲಿನ ತಾರೀಖು ಬದಲಾಗುವುದು ನೈಟ್ ಆಡಿಟ್, ಅಂದರೆ ಆ ದಿನದ ಲೆಕ್ಕ ಮುಚ್ಚುವ ಕೆಲಸ ಆದ ಮೇಲೆ, ಸಾಮಾನ್ಯವಾಗಿ ರಾತ್ರಿ ಎರಡು ಮೂರು ಗಂಟೆ ಹೊತ್ತಿಗೆ. ಅಷ್ಟರೊಳಗೆ ನೀವು ಬರದಿದ್ದರೆ ‘ನೋ ಶೋ’ ಎಂದು ಬರೆದು ಬುಕಿಂಗ್ ಮುಚ್ಚಿಬಿಡಬಹುದು. ‘ಬೆಳಿಗ್ಗೆ ಆರಕ್ಕೆ ಬರುತ್ತೇನೆ, ನೋ ಶೋ ಹಾಕಬೇಡಿ’ ಎಂದು ಮೇಲ್ ಕಳಿಸಿ, ಅದಕ್ಕೆ ಉತ್ತರ ಬಂದಿದೆಯಾ ನೋಡಿಕೊಳ್ಳಿ. ಎರಡೂ ಆಗಲಿಲ್ಲ ಅಂದರೆ, ಜಿಮ್ ಅಥವಾ ಈಜುಕೊಳದ ಚೇಂಜಿಂಗ್ ರೂಮಿನಲ್ಲಿ ಸ್ನಾನ ಮಾಡಬಹುದಾ ಎಂದು ಕೇಳಿ. ಅವು ಇರುವ ಹೋಟೆಲಿನಲ್ಲಿ ಬುಕಿಂಗ್ ಇದ್ದವರಿಗೆ ಬೇಡ ಅನ್ನುವುದು ಕಡಿಮೆ. ಟವೆಲ್ ಕೊಡುತ್ತಾರೆ, ಬ್ಯಾಗ್ ಇಟ್ಟುಕೊಳ್ಳುತ್ತಾರೆ. ಲಾಬಿಯ ವಾಶ್‌ರೂಮಿನಲ್ಲಿ ಮುಖ ತೊಳೆದು ಮೀಟಿಂಗಿಗೆ ಓಡಿದಿರಿ ಎಂದು ಓದಿ ನನಗೆ ನಿಜಕ್ಕೂ ಬೇಸರವಾಯಿತು. ಒಂದು ಮಾತು ಕೇಳಿದ್ದರೆ ಸ್ನಾನ ಸಿಗುತ್ತಿತ್ತು.

ಆದರೆ ನನ್ನ ಸಲಹೆ ಬೇರೆ. ಬಸ್ಸಿನ ರಾತ್ರಿಯನ್ನೇ ಬಿಡಿ. ಹಿಂದಿನ ದಿನ ಹಗಲಲ್ಲೇ ಹೊರಟು ಸಂಜೆ ಹೋಟೆಲ್ ಸೇರಿ. 2024ರ ಸೆಪ್ಟೆಂಬರಿನಲ್ಲಿ ಶುರುವಾದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ನಸುಕಿನಲ್ಲಿ ಹೊರಟು ಮಧ್ಯಾಹ್ನ ಪುಣೆ ಮುಟ್ಟುತ್ತದೆ. ಎಲ್ಲಾ ದಿನ ಇಲ್ಲ, ವಾರ ನೋಡಿಕೊಂಡು ಟಿಕೆಟ್ ಮಾಡಿ. ಅಲ್ಲಿಂದ ಮುಂಬೈಗೆ ರೈಲು, ಬಸ್ಸು ಎರಡೂ ಬೇಕಾದಷ್ಟಿವೆ. ಕಂಪನಿಗೆ ಒಂದು ರಾತ್ರಿಯ ಬಾಡಿಗೆ ಜಾಸ್ತಿ ಆಗುತ್ತದೆ, ನಿಜ. ಹಾಗೇ ಬರೆದು ಕೇಳಿ: ನಿದ್ದೆಗೆಟ್ಟು ಲೆಕ್ಕ ನೋಡಿದರೆ ತಪ್ಪಾಗುತ್ತದೆ, ತಪ್ಪಿನ ಬೆಲೆ ರೂಮ್ ಬಾಡಿಗೆಗಿಂತ ದೊಡ್ಡದು. ಲೆಕ್ಕದವರು ಹೇಳಿದರೆ ಲೆಕ್ಕದ ಮಾತು ನಡೆಯುತ್ತದೆ ಅಲ್ವಾ? ಜೊತೆಗೆ, ಸಾಧ್ಯವಿದ್ದರೆ ದೊಡ್ಡ ಪ್ರೆಸೆಂಟೇಷನ್ನನ್ನು ಎರಡನೇ ದಿನಕ್ಕೆ ಹಾಕಿಸಿಕೊಳ್ಳಿ. ಮೊದಲ ರಾತ್ರಿ ಸ್ವಲ್ಪ ಕೆಟ್ಟರೂ ಮರುದಿನದ ಕೆಲಸ ನಡೆಯುತ್ತದೆ ಎಂಬ ಧೈರ್ಯ ಇದ್ದರೆ ಆ ರಾತ್ರಿ ಅಷ್ಟೊಂದು ಕೆಡುವುದೂ ಇಲ್ಲ.

ಹೋಟೆಲ್ ಎಲ್ಲಿ ಹಿಡಿಯಬೇಕು? ಆಫೀಸಿಗೆ ನಡೆದು ಹೋಗುವಷ್ಟು ಹತ್ತಿರ. ಮುಂಬೈನಲ್ಲಿ ಸ್ಟಾರ್‌ಗಳಿಗಿಂತ ಇದು ಮುಖ್ಯ. ನಡೆಯುವ ದೂರದಲ್ಲಿ ಒಳ್ಳೆಯದು ಇಲ್ಲದಿದ್ದರೆ ಮೆಟ್ರೋ ಸಾಲಿನ ಮೇಲೆ ಹುಡುಕಿ. ಚಕಾಲಾ, ಮರೋಳ್ ನಾಕಾ, ಸಾಕಿನಾಕಾ ಮೂರೂ ವರ್ಸೋವಾ–ಘಾಟ್‌ಕೋಪರ್ ಮೆಟ್ರೋದ ನಿಲ್ದಾಣಗಳೇ. 2014ರಿಂದ ಓಡುತ್ತಿರುವ ಸಾಲು ಅದು. ಅಂಧೇರಿ–ಕುರ್ಲಾ ರಸ್ತೆಯಲ್ಲಿ ಸಂಜೆ ಆಟೋದಲ್ಲಿ ಕೂತವರಿಗೆ ಗೊತ್ತು, ಎರಡು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಆಫೀಸು ಪೂರ್ವಕ್ಕಿದ್ದರೆ ಹೋಟೆಲೂ ಪೂರ್ವಕ್ಕೇ ಇರಲಿ. ಮಳೆಗಾಲದಲ್ಲಿ ಅಂಧೇರಿ ಸಬ್‌ವೇಯಲ್ಲಿ ನೀರು ನಿಂತರೆ ರೈಲು ಹಳಿಯ ಆ ಕಡೆಯಿಂದ ಈ ಕಡೆ ಬರುವುದೇ ಒಂದು ಸಾಹಸ. ಆದರೆ ಮೆಟ್ರೋ ಹೋಗುವುದು ಎತ್ತರದ ಸೇತುವೆಯ ಮೇಲೆ. ಅದಕ್ಕೆ ಸರಿಸಮವಾದ ಮಹಡಿಯಲ್ಲಿ ರಸ್ತೆ ಕಡೆಯ ರೂಮ್ ಬೇಡ. ವಿಮಾನ ನಿಲ್ದಾಣ ಪಕ್ಕದಲ್ಲೇ ಇರುವುದರಿಂದ ವಿಮಾನದ ಸದ್ದನ್ನು ಪೂರ್ತಿ ತಪ್ಪಿಸಲಾಗದು. ಫೋಮಿನ ಇಯರ್‌ಪ್ಲಗ್ ಒಂದು ಜೊತೆ ಬ್ಯಾಗಿನಲ್ಲಿರಲಿ. ಔಷಧಿ ಅಂಗಡಿಯಲ್ಲೇ ಸಿಗುತ್ತದೆ.

ರೂಮಿನೊಳಗಿನ ಸಂಗತಿ ಬೇಗ ಹೇಳಿಬಿಡುತ್ತೇನೆ. ಎಸಿಯ ಫ್ಯಾನ್ ‘ಆಟೋ’ದಲ್ಲಿದ್ದರೆ ಒಮ್ಮೆ ಜೋರಾಗುತ್ತದೆ, ಒಮ್ಮೆ ನಿಲ್ಲುತ್ತದೆ. ಎಚ್ಚರವಾಗುವುದು ಆ ಬದಲಾವಣೆಗೆ. ಕಡಿಮೆ ವೇಗದಲ್ಲಿ ಒಂದೇ ಸಮ ಓಡಲು ಬಿಡಿ. ಪರದೆಯ ನಡುವೆ ಬೆಳಕು ಬಂದರೆ ಕಪಾಟಿನ ಕ್ಲಿಪ್ ಹ್ಯಾಂಗರಿನಿಂದ ಎರಡೂ ಅಂಚು ಸೇರಿಸಿ ಹಿಡಿಸಿ. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಬಿಸಿನೀರಿನ ಸ್ನಾನ ಮಾಡಿ. ಮೈ ಒಮ್ಮೆ ಬೆಚ್ಚಗಾಗಿ ಆಮೇಲೆ ತಣಿಯುವಾಗ ನಿದ್ದೆ ಬೇಗ ಬರುತ್ತದೆ. ಹತ್ತು ನಿಮಿಷ ಸಾಕು. ನಾಲ್ಕು ಗಂಟೆಯ ನಂತರ ಕಟಿಂಗ್ ಚಾ, ಕಾಫಿ ಬೇಡ. ಕುಡಿದ ಕೆಫೀನಿನ ಅರ್ಧ ಸುಮಾರು ಐದು ಗಂಟೆಯ ಮೇಲೂ ಮೈಯಲ್ಲೇ ಇರುತ್ತದೆ. ಮೀಟಿಂಗಿನಲ್ಲಿ ಕಪ್ಪು ತುಂಬಿಸುತ್ತಲೇ ಇರುತ್ತಾರೆ, ಬಿಸಿನೀರು ಕೇಳಿ ಪಡೆಯಿರಿ.

ರಾತ್ರಿ ಊಟಕ್ಕೆ ಬಫೆ ಬೇಡ. ರೂಮ್ ಸರ್ವಿಸಿಗೆ ಫೋನ್ ಮಾಡಿ ಮೊಸರನ್ನವೋ ಖಿಚಡಿಯೋ ಕೇಳಿ. ಮೆನುವಿನಲ್ಲಿ ಇಲ್ಲದಿದ್ದರೂ ಅಡುಗೆಮನೆಯಲ್ಲಿ ಅನ್ನ, ಬೇಳೆ, ಮೊಸರು ಇರುತ್ತವೆ, ಮಾಡಿಕೊಡುತ್ತಾರೆ. ಒಂದು ಸಂಜೆ ಬೇಗ ಬಿಡುವಾದರೆ ಮಾಟುಂಗಾಕ್ಕೆ ಹೋಗಿಬನ್ನಿ. ಮೆಟ್ರೋದಲ್ಲಿ ಘಾಟ್‌ಕೋಪರ್, ಅಲ್ಲಿಂದ ಸ್ಲೋ ಲೋಕಲ್. ಸ್ಟೇಷನ್ ಪಕ್ಕದಲ್ಲೇ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಬಾಳೆ ಎಲೆಯ ಊಟ ಸಿಗುತ್ತದೆ. ಸುತ್ತಮುತ್ತ ಕನ್ನಡ, ತುಳು, ಕೊಂಕಣಿ, ತಮಿಳು ಕಿವಿಗೆ ಬೀಳುತ್ತವೆ. ದಿನವಿಡೀ ಇಂಗ್ಲಿಷ್, ಹಿಂದಿಯಲ್ಲಿ ಲೆಕ್ಕ ಒಪ್ಪಿಸಿದವರಿಗೆ ಅದರಿಂದ ಎಷ್ಟು ಹಗುರವಾಗುತ್ತದೆ ಎಂದು ನಾನು ಬಲ್ಲೆ.

ನಾಳೆಯ ಲೆಕ್ಕದ ಚಿಂತೆಗೆ ಒಂದು ಸರಳ ಉಪಾಯ ಇದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲಗುವ ಮುನ್ನ ಐದು ನಿಮಿಷ ಕೆಲವರಿಂದ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆಸಿದರು, ಕೆಲವರಿಂದ ಮಾಡಿ ಮುಗಿಸಿದ್ದನ್ನು ಬರೆಸಿದರು. ಮಾಡಬೇಕಾದ್ದನ್ನು ಬರೆದವರು ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ವಿವರವಾಗಿ ಬರೆದಷ್ಟೂ ಬೇಗ. ಹೋಟೆಲಿನ ಮೇಜಿನ ಮೇಲೆ ಪೆನ್ನು, ಪ್ಯಾಡು ಇರುತ್ತದೆ. ‘ಮೀಟಿಂಗ್’ ಎಂದಷ್ಟೇ ಬರೆಯಬೇಡಿ. ಯಾವ ಶೀಟು, ಯಾರನ್ನು ಕೇಳಬೇಕು, ಯಾವ ಅಂಕಿ ಇನ್ನೂ ತಾಳೆಯಾಗಿಲ್ಲ, ಅಷ್ಟೂ ಬರೆಯಿರಿ. ಬರೆಯುವುದು ಮೇಜಿನ ಹತ್ತಿರ ಕೂತು. ಲ್ಯಾಪ್‌ಟಾಪ್ ಹಾಸಿಗೆಗೆ ಬರಬಾರದು. ರೂಮಿನ ಕುರ್ಚಿ ಸರಿಯಿಲ್ಲದಿದ್ದರೆ ಹೌಸ್‌ಕೀಪಿಂಗಿಗೆ ಹೇಳಿ ಬೇರೆ ತರಿಸಿ. ವೇಕ್‌ಅಪ್ ಕಾಲ್ ಹೇಳಿಡಿ. ಎದ್ದೇಳುತ್ತೇನೋ ಇಲ್ಲವೋ ಎಂಬ ಕಾವಲನ್ನು ಕೌಂಟರಿನವರಿಗೆ ಒಪ್ಪಿಸಿಬಿಡಿ. ಆದರೂ ನಿದ್ದೆ ಬರದಿದ್ದರೆ ಸುಮ್ನೆ ಹೊರಳಾಡಬೇಡಿ. ಎದ್ದು ಕುರ್ಚಿಯಲ್ಲಿ ಕೂತು, ಮಂದ ಬೆಳಕಿನಲ್ಲಿ ಏನಾದರೂ ಓದಿ. ಕಣ್ಣು ಎಳೆದಾಗ ಮತ್ತೆ ಮಲಗಿ. ಗಡಿಯಾರ ನೋಡಬೇಡಿ.

ಈಗ ಮ್ಯಾನೇಜರ್ ರೂಮಿನ ರಿವ್ಯೂ. ಇದನ್ನು ನೀವು ಒಂದು ಸಾಲಿನಲ್ಲಿ ಬರೆದಿದ್ದೀರಿ. ನನಗೆ ಅದು ಸಣ್ಣ ವಿಷಯವಾಗಿ ಕಾಣಲಿಲ್ಲ. ಅವರ ಮನಸ್ಸಿನಲ್ಲಿ ಏನೂ ಇಲ್ಲದಿರಬಹುದು. ಆದರೂ ಮಲಗುವ ಕೋಣೆ ಮೀಟಿಂಗಿನ ಜಾಗ ಅಲ್ಲ. ನಾಳೆಯೇ ಹೀಗೆ ಹೇಳಿ: ‘ಸರ್, ರಿವ್ಯೂ ಕೆಳಗೆ ಕಾಫಿ ಶಾಪಿನಲ್ಲಿ ಇಟ್ಟುಕೊಳ್ಳೋಣ. ಏಳಕ್ಕೆ ಶುರು ಮಾಡಿದರೆ ಎಂಟಕ್ಕೆ ಮುಗಿಯುತ್ತದೆ.’ ಕಾರಣ ಕೊಡುವ ಅಗತ್ಯವಿಲ್ಲ. ಕೆಲವು ಹೋಟೆಲ್‌ಗಳಲ್ಲಿ ಸಣ್ಣ ಮೀಟಿಂಗ್ ರೂಮೂ ಇರುತ್ತದೆ, ಗಂಟೆ ಲೆಕ್ಕದಲ್ಲಿ ಕೊಡುತ್ತಾರೆ. ಅವರು ಒಪ್ಪದಿದ್ದರೆ ಅಥವಾ ನಿಮಗೆ ಇರುಸುಮುರುಸಾಗುವಂಥ ಏನಾದರೂ ನಡೆದರೆ ಕಾನೂನು ನಿಮ್ಮ ಕಡೆ ಇದೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ, ಕೆಲಸದ ನಿಮಿತ್ತ ಹೋದ ಜಾಗವೂ ಕೆಲಸದ ಸ್ಥಳವೇ. ಹತ್ತು ಜನರಿಗಿಂತ ಕಡಿಮೆಯಿಲ್ಲದ ಕಂಪನಿಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ರಾತ್ರಿ ಒಂಬತ್ತರವರೆಗೆ ಇದರ ಅಳುಕು ಹೊತ್ತುಕೊಂಡು ಕೂತರೆ ನಿದ್ದೆ ಹೇಗೆ ಬರಬೇಕು ಹೇಳಿ?

ಹಾಗೇ, ಕೌಂಟರಿನಲ್ಲಿ ನಿಮ್ಮ ರೂಮ್ ನಂಬರನ್ನು ಜೋರಾಗಿ ಹೇಳಿದರೆ, ಬೇರೆ ರೂಮ್ ಕೊಡಿ ಎಂದು ಕೇಳಿ. ನಂಬರ್ ಬರೆದು ಕೊಡುವುದು ಸರಿಯಾದ ಕ್ರಮ. ಯಾರಾದರೂ ಬಾಗಿಲು ತಟ್ಟಿ ‘ಹೌಸ್‌ಕೀಪಿಂಗ್’ ಎಂದರೆ, ನೀವು ಕರೆಸಿರದಿದ್ದರೆ, ರಿಸೆಪ್ಷನ್‌ಗೆ ಫೋನ್ ಮಾಡಿ ಕೇಳಿದ ಮೇಲೇ ತೆಗೆಯಿರಿ. ಒಳಗಿನ ಚಿಲಕ ಹಾಕಿಕೊಂಡೇ ಮಲಗಿ. ಕಾವಲಿನ ಅರ್ಧ ಕೆಲಸ ಚಿಲಕವೇ ಮಾಡುತ್ತದೆ.

ಸೋದರತ್ತೆಯ ಮನೆಗೆ ಹೋಗಿ ಅಂತಲೇ ಹೇಳುತ್ತೇನೆ, ಆದರೆ ಕೆಲಸ ಮುಗಿದ ಮೇಲೆ. ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ಹತ್ತಿ ಘಾಟ್‌ಕೋಪರಿನಲ್ಲಿ ಇಳಿದು ಮೆಟ್ರೋ ಹಿಡಿಯುವುದು ದಿನಾ ಹೋಗುವವರಿಗೇ ಹೈರಾಣು. ನಿಮಗೆ ಅಭ್ಯಾಸವಿಲ್ಲ. ಮನೆಗೆ ಹೋದ ಮೇಲೆ ಅವರು ನಿಮಗಾಗಿ ಊಟ ಹಿಡಿದು ಕಾಯುತ್ತಾರೆ, ನೀವು ಲ್ಯಾಪ್‌ಟಾಪ್ ತೆರೆಯಲು ಹಿಂಜರಿಯುತ್ತೀರಿ. ಇಬ್ಬರಿಗೂ ಕಷ್ಟ. ನಾಲ್ಕನೇ ದಿನ ಸಂಜೆ ಹೋಟೆಲ್ ಬಿಟ್ಟು ನೇರ ಅವರ ಮನೆಗೆ ಹೋಗಿ, ಶನಿವಾರ ಭಾನುವಾರ ಇದ್ದು ಬನ್ನಿ. ಹೀಗೆ ಎಂದು ಈಗಲೇ ಫೋನ್ ಮಾಡಿ ಹೇಳಿಬಿಡಿ. ಬೇಸರ ಮಾಡಿಕೊಳ್ಳಲಾರರು.

ಕೊನೆಗೊಂದು ಪರೀಕ್ಷೆ. ಹುಬ್ಬಳ್ಳಿಯ ಮನೆಯಲ್ಲಿ, ನಿಮ್ಮದೇ ಹಾಸಿಗೆಯಲ್ಲಿ ನಿದ್ದೆ ಹೇಗಿದೆ? ಅಲ್ಲಿ ಚೆನ್ನಾಗಿದ್ದರೆ ಮೇಲೆ ಹೇಳಿದ್ದೇ ಸಾಕು. ಅಲ್ಲೂ ವಾರಕ್ಕೆ ಮೂರು ರಾತ್ರಿ ಕೆಟ್ಟು, ಮೂರು ತಿಂಗಳಿಂದ ಹಾಗೇ ನಡೆದಿದ್ದರೆ, ಅದು ಹೋಟೆಲ್ ಬದಲಿಸಿದರೆ ಹೋಗುವಂಥದ್ದಲ್ಲ. ವೈದ್ಯರು ಅದಕ್ಕೆ ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ, ಅದಕ್ಕೆ ಚಿಕಿತ್ಸೆ ಇದೆ. ನೀವೇ ಅಂಗಡಿಗೆ ಹೋಗಿ ನಿದ್ದೆ ಮಾತ್ರೆ ತರಬೇಡಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ನಿಮಗೆ ಹತ್ತಿರ. ಮುಂಬೈನ ರೂಮಿನಲ್ಲಿ ಒಬ್ಬರೇ ಇದ್ದಾಗ ಮನಸ್ಸು ತೀರಾ ಕಟ್ಟಿಹಾಕಿದಂತಾದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಅದು, 2022ರಿಂದ ಇದೆ. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬಹುದು.